ತಲೆಕೆಳಗಾದ ಮೊಹರು

“ಮುಚ್ಚಿಹೋಗಿರೋ ಕ್ಲಬ್ಬಲ್ಲಿ ಇಷ್ಟೊಂದು ಗಲಾಟೆ ಯಾಕೆ?”

ಮೇಷ್ಟ್ರ ಕೈಯಲ್ಲಿ ಕಲಸುತ್ತಿದ್ದ ಇಸ್ಪೀಟೆಲೆಗಳು ಅಲ್ಲಿಗೇ ನಿಂತವು. ಶನಿವಾರ, ಮಧ್ಯಾಹ್ನ ನಾಲ್ಕೂಕಾಲು. ಮೂರು ಮೇಜು, ಹನ್ನೆರಡು ಜನ. ಎಲ್ಲರೂ ಬಾಗಿಲ ಕಡೆ ತಿರುಗಿದರು.

ಅರವತ್ತು ದಾಟಿದ ಹೆಂಗಸು. ಹೆಗಲಿಗೆ ಸವೆದ ಚರ್ಮದ ಚೀಲ, ಕಾಲಿಗೆ ಗಟ್ಟಿ ಬೂಟು. ಒಂದು ಕೈಯಲ್ಲಿ ದೇಶದ ಇಸ್ಪೀಟು ಕ್ಲಬ್ಬುಗಳ, ಪಂದ್ಯಗಳ ವಿಳಾಸವೆಲ್ಲ ಇರುವ ಕೈಪಿಡಿ. ಇನ್ನೊಂದರಲ್ಲಿ ಒಂದು ಅಂಚೆ ಕಾರ್ಡು.

“ಮುಚ್ಚಿದೆ ಅಂತ ಯಾರು ಹೇಳಿದ್ರು?” ಮೇಷ್ಟ್ರು ಎದ್ದು ನಿಂತರು.

“ನೀವೇ.”

“ನಾನೇ?”

“ಕಾರ್ಯದರ್ಶಿ ನೀವೇ ತಾನೆ? ಹಾಗಾದ್ರೆ ನನ್ನ ಕಾಗದಕ್ಕೆ ಉತ್ತರ ನೀವೇ ಬರೆದಿದ್ದೀರಿ. ನೋಡಿ.”

ಮೇಷ್ಟ್ರು ಕಾರ್ಡನ್ನು ಓದಿದರು. ಮತ್ತೊಮ್ಮೆ ಓದಿದರು. ‘ಕ್ಲಬ್ ಮುಚ್ಚಿದೆ. ಬರುವುದು ಬೇಡ. ಇಂತಿ, ಕಾರ್ಯದರ್ಶಿ.’ ಕೆಳಗೆ ಕ್ಲಬ್ಬಿನ ಮೊಹರು. ಮೂವತ್ತು ವರ್ಷ ಶಾಲೆಯಲ್ಲಿ ಚಿತ್ರಕಲೆ ಕಲಿಸಿದವರು ತಾವೇ ಗೀಚಿ ಮಾಡಿಸಿದ್ದ ಮೊಹರು ಅದು. ಅನುಮಾನವೇ ಇಲ್ಲ. ಆದರೆ ಬರಹ ಅವರದಲ್ಲ.

ಅವರು ಕುರ್ಚಿಗೆ ಕುಸಿದರು. ಎಂಟು ತಿಂಗಳಿಂದ ಒಬ್ಬ ಹೊಸ ಸದಸ್ಯನೂ ಬಂದಿರಲಿಲ್ಲ. ಗ್ರಂಥಾಲಯ, ಬಸ್ ನಿಲ್ದಾಣ, ಕ್ಷೌರದ ಅಂಗಡಿ—ಎಲ್ಲ ಕಡೆ ತಾವೇ ಬಣ್ಣ ಬಳಿದು ಬರೆದ ಫಲಕ ತೂಗುಹಾಕಿದ್ದರು. ಒಂದು ಕಾಗದವಿಲ್ಲ, ಒಬ್ಬ ಮನುಷ್ಯನಿಲ್ಲ. ಊರಿಗೇ ಇಸ್ಪೀಟು ಬೇಸರವಾಗಿದೆ ಎಂದುಕೊಂಡಿದ್ದರು. ಕಳೆದ ತಿಂಗಳು ಪುರಸಭೆಯಿಂದ ಸೂಚನೆ ಬಂತು: ಹದಿನಾರು ಸದಸ್ಯರಿಲ್ಲದ ಸಂಘಕ್ಕೆ ಸಭಾಂಗಣ ಕೊಡುವುದಿಲ್ಲ. ಪಟ್ಟಿ ಒಪ್ಪಿಸಲು ಬರುವ ಸೋಮವಾರವೇ ಕೊನೆ. ಹತ್ತೊಂಬತ್ತು ವರ್ಷ ಕಟ್ಟಿದ್ದು ಇನ್ನೆರಡು ದಿನದಲ್ಲಿ ಕೈಬಿಟ್ಟು ಹೋಗಲಿತ್ತು.

“ಕಾರ್ಡು ಬಂದ ಮೇಲೂ ನೀವು ಬಂದಿದ್ದು ಯಾಕೆ?” ಮೇಷ್ಟ್ರು ಕೇಳಿದರು.

“ರೈಲಲ್ಲಿ ಮೂವತ್ತೈದು ವರ್ಷ ಟಿಕೆಟ್ ತಪಾಸಣೆ ಮಾಡಿದ್ದೀನಿ. ಬಾಯಲ್ಲಿ ಹೇಳಿದ್ದು ನಂಬಲ್ಲ, ಕೈಯಲ್ಲಿ ಕೊಟ್ಟಿದ್ದೂ ತಿರುಗಿಸಿ ನೋಡ್ತೀನಿ. ವರ್ಗವಾದ ಊರಲ್ಲೆಲ್ಲ ಮೊದಲು ನಲ್ಲೀಲಿ ನೀರು ಬರುತ್ತಾ ನೋಡೋದು, ಆಮೇಲೆ ಕ್ಲಬ್ಬು ಎಲ್ಲಿದೆ ನೋಡೋದು. ಈ ಊರಲ್ಲಿ ನೀರು ಬರುತ್ತೆ.”

ಯಾರೋ ನಕ್ಕರು. ಅವರಿಗೆ ‘ಟಿಕೆಟ್ ಅಕ್ಕ’ ಎಂಬ ಹೆಸರು ಆ ಗಳಿಗೆಯಲ್ಲೇ ಅಂಟಿತು.

“ಕಾಗದ ಹಾಕೋ ಪೆಟ್ಟಿಗೆ ಬೀಗದ ಕೈ ಯಾರ ಹತ್ರ ಇದೆ?” ಅಕ್ಕ ಕೇಳಿದರು.

“ಮೂರು ಜನರ ಹತ್ರ. ನನ್ನ ಮನೆ ದೂರ. ನಾನು ಬರೋ ಹೊತ್ತಿಗೆ ಅವರು ತೆಗೆದು ಮೇಜಿನ ಮೇಲೆ ಇಟ್ಟಿರ್ತಾರೆ.”

“ಮೊಹರು?”

“ಮೇಜಿನ ಡ್ರಾಯರಲ್ಲಿ. ಅದಕ್ಕೆ ಬೀಗ ಇಲ್ಲ.”

“ಆ ಮೂರು ಜನ ಇಲ್ಲೇ ಇದ್ದಾರಾ?”

ಮೂವರೂ ಮೇಷ್ಟ್ರ ಮೇಜಿನಲ್ಲೇ ಇದ್ದರು. ಬಲಗಡೆ ಟೈಲರಮ್ಮ, ಕೆಳಗಿನ ಮಳಿಗೆ ಅವರದ್ದು. ಎಡಗಡೆ ಔಷಧಿ ಅಂಗಡಿಯವರು. ಎದುರಿಗೆ ಆಟದಲ್ಲಿ ಮೇಷ್ಟ್ರ ಜೋಡಿ; ಮೇಷ್ಟ್ರ ಒಡಹುಟ್ಟಿದ ಅಕ್ಕನ ಗಂಡ, ಊರಿಗೆಲ್ಲ ‘ವಾಚು ಭಾವ’. ಗಡಿಯಾರ ರಿಪೇರಿಯಲ್ಲಿ ಎತ್ತಿದ ಕೈ. ಭಾವ ಎಂದಿನಂತೆ ಕಿಟಕಿಯತ್ತ ಮುಖ ಮಾಡಿ, ಎಲೆಗಳನ್ನು ಮೂಗಿನ ಪಕ್ಕದಲ್ಲಿ ಹಿಡಿದು ಕೂತಿದ್ದರು. ಈಚೆಗೆ ಅವರ ಆಟದ ಗತ್ತೇ ಅದು. ಎದುರಾಳಿಗೆ ಅವರ ಮನಸ್ಸು ಓದಲು ಆಗುವುದಿಲ್ಲ ಎಂದು ಎಲ್ಲರೂ ಮೆಚ್ಚುತ್ತಿದ್ದರು.

ಅಕ್ಕ ಒಂದು ಸ್ಟೂಲು ಎಳೆದುಕೊಂಡರು. ಮೊದಲ ಸರದಿ ಟೈಲರಮ್ಮನದು.

“ಈ ಹಾಲ್ ಮೇಲೆ ನಿಮಗೆ ಆಸೆ ಇದೆಯಾ?”

“ಇದೆ. ಅರ್ಜೀನೂ ಹಾಕಿದ್ದೀನಿ. ಮುಚ್ಚುಮರೆ ಏನು?”

“ಇಲ್ಲೇ ಆಟಕ್ಕೂ ಬರ್ತೀರಲ್ಲ?”

“ಶನಿವಾರ ಆಟ, ಮಿಕ್ಕ ದಿನ ಹೊಟ್ಟೆಪಾಡು. ನನಗೆ ಆರು ಹೊಲಿಗೆ ಮೆಷೀನ್ ಹಾಕೋಕೆ ಜಾಗ ಬೇಕು ರೀ. ಹಾಗಂತ ಕಳ್ಳಕಾರ್ಡು ಬರೆಯೋ ದರಿದ್ರ ನನಗೆ ಬಂದಿಲ್ಲ.”

“ಈ ಮೊಹರು ನೋಡಿ. ಏನನ್ಸುತ್ತೆ?”

ಟೈಲರಮ್ಮ ಕಾರ್ಡನ್ನು ಮುಟ್ಟದೆಯೇ ಮೂತಿ ತಿರುಗಿಸಿದರು. “ತಲೆಕೆಳಗು ಒತ್ತಿದ್ದಾರೆ. ಅದೂ ಸೊಟ್ಟ. ನಮ್ಮಂಗಡೀಲಿ ಗುಂಡಿ ಹೀಗೆ ಹೊಲಿದ್ರೆ ಗಿರಾಕಿ ಅಂಗೀನ ಮುಖಕ್ಕೆ ಎಸೀತಾನೆ.”

ಮೇಷ್ಟ್ರು ಬಗ್ಗಿ ನೋಡಿದರು. ಹೌದು—ತಲೆಕೆಳಗು. ತಮ್ಮದೇ ಮೊಹರು, ತಮಗೇ ಕಾಣಲಿಲ್ಲವಲ್ಲ!

ಔಷಧಿ ಅಂಗಡಿಯವರು ಆಗಲೇ ಬೆವರತೊಡಗಿದ್ದರು.

“ನೀವು ಬೇರೆ ಕ್ಲಬ್ಬಿಗೂ ಹೋಗ್ತೀರಂತೆ?” ಅಕ್ಕ ಕೇಳಿದರು. ಅದು ಬರೀ ಊಹೆ. ಆದರೆ ಅವರ ಜೇಬಿನಿಂದ ಇಣುಕುತ್ತಿದ್ದ ಪಂದ್ಯದ ವೇಳಾಪಟ್ಟಿ ಈ ಕ್ಲಬ್ಬಿನದಾಗಿರಲಿಲ್ಲ.

“ಅದು... ಸೇತುವೆ ಆಚೆ ದೊಡ್ಡ ಕ್ಲಬ್ಬಿದೆ. ಬುಧವಾರ ಮಾತ್ರ ಹೋಗೋದು.”

“ಬುಧವಾರಾನಾ!” ಮೇಷ್ಟ್ರ ದನಿ ಏರಿತು. “ಬುಧವಾರ ಮಂಡಿ ನೋವಿಗೆ ಶಾಖ ಕೊಡಿಸ್ಕೋತೀನಿ ಅಂದಿದ್ರಿ!”

“ನೋವು ಇದೆ ಮೇಷ್ಟ್ರೇ. ಅಲ್ಲಿ ಕುರ್ಚಿಗೆ ಮೆತ್ತೆ ಇದೆ.”

“ಇಲ್ಲಿ ಮುಚ್ಚಿದ್ರೆ ಎಲ್ಲರೂ ಅಲ್ಲಿಗೆ ಬರ್ತಾರೆ ಅಂತ ಲೆಕ್ಕ ಹಾಕಿದ್ರಾ?” ಅಕ್ಕ ಕೇಳಿದರು.

“ಅಯ್ಯಯ್ಯೋ! ಇಲ್ಲಿ ಸೋತವರು ಅಲ್ಲಿಗೂ ಬಂದು ಕೂತ್ರೆ ನನಗೇನು ಸುಖ?”

ಇನ್ನುಳಿದದ್ದು ಭಾವ. ಅವರು ಕಿಟಕಿ ನೋಡುತ್ತಲೇ ಉತ್ತರ ಕೊಟ್ಟರು. “ಪ್ರತಿ ಶನಿವಾರ ಬಾಗಿಲು ತೆಗೆಯೋನು ನಾನೇ ತಾಯಿ. ಸಂಶಯ ಬಂದ್ರೆ ಮೊದಲು ನನ್ನ ಮೇಲೇ ಬರ್ಬೇಕು.”

“ಅವರನ್ನ ಬಿಡಿ,” ಮೇಷ್ಟ್ರು ಅಡ್ಡ ಬಾಯಿ ಹಾಕಿದರು. “ಕ್ಲಬ್ಬು ಉಳೀಲಿ ಅಂತ ನನಗಿಂತ ಜಾಸ್ತಿ ಒದ್ದಾಡೋರು ಭಾವ.”

ಅಕ್ಕ ಬಿಟ್ಟುಬಿಟ್ಟರು. ಬೇರೆಯೇ ಒಂದು ಪ್ರಶ್ನೆ ಕೇಳಿದರು.

“ಮೆಟ್ಟಿಲು ಹತ್ತುವಾಗ ಒಂದು ಕೇಳಿಸ್ತು. ‘ಇಸ್ಪೀಟು ಒಂಬತ್ತು’, ‘ಆಠೀನ್ ರಾಣಿ’ ಅಂತ ಎಲ್ಲರೂ ಕೂಗ್ತಾ ಇದ್ರಿ. ಎಲೆ ಇಳಿಸುವಾಗ ಹೆಸರು ಹೇಳೋ ಪದ್ಧತಿ ಇಲ್ಲಿ ಹಿಂದಿನಿಂದ ಇದೆಯಾ?”

ಮೇಷ್ಟ್ರು ಯೋಚಿಸಿದರು. “ಹಿಂದಿನಿಂದ ಏನಿಲ್ಲ... ಈ ವರ್ಷ ಶುರುವಾಯ್ತು. ಆಟಕ್ಕೆ ಕಳೆ ಬರುತ್ತೆ.”

“ಯಾರು ಶುರು ಮಾಡಿದ್ದು?”

ಯಾರಿಗೂ ಸರಿಯಾಗಿ ನೆನಪಿರಲಿಲ್ಲ. ಈ ಮೇಜಿನಲ್ಲಿ ಹುಟ್ಟಿ ಉಳಿದ ಮೇಜಿಗೂ ಹಬ್ಬಿತ್ತು, ಅಷ್ಟೇ ಗೊತ್ತು.

“ಸರಿ. ಔಷಧಿ ಅಣ್ಣ, ಸ್ವಲ್ಪ ನಿಮ್ಮ ಕುರ್ಚಿ ಬಿಡಿ. ನಾನೂ ಆಡಿ ಬಹಳ ದಿನ ಆಯ್ತು. ಆದ್ರೆ ಒಂದು ಕರಾರು—ಯಾರೂ ತುಟಿ ಬಿಚ್ಚೋ ಹಾಗಿಲ್ಲ.”

ಎಲೆ ಹಂಚಿದರು. ಅಕ್ಕ ಡೈಮಂಡ್ ಏಳನ್ನು ಮೇಜಿನ ನಡುವೆ ಇಟ್ಟರು. ಮೇಷ್ಟ್ರು ಡೈಮಂಡ್ ಗುಲಾಮ ಹಾಕಿದರು, ಟೈಲರಮ್ಮ ಡೈಮಂಡ್ ನಾಲ್ಕು. ಭಾವ ಕೊಂಚ ತಡಮಾಡಿದರು. ಕತ್ತು ಒಂದಿಷ್ಟು ಆಚೆ, ಒಂದಿಷ್ಟು ಈಚೆ. ಆಮೇಲೆ ಒಂದು ಎಲೆ ಇಳಿಸಿದರು—ಆಠೀನ್ ಮೂರು. ಕೈಯಲ್ಲಿ ಡೈಮಂಡ್ ಮುಗಿದಿರಬೇಕು ಎಂದುಕೊಂಡರು ಮೇಷ್ಟ್ರು.

ಎರಡು ಸುತ್ತು ಕಳೆದ ಮೇಲೆ ಅದೇ ಕೈಯಿಂದ ಡೈಮಂಡ್ ಹತ್ತು ಬಂತು.

ಟೈಲರಮ್ಮ ಬಾಯಿ ತೆರೆದರು. ಅಕ್ಕ ಒಂದು ನೋಟ ಬಿಟ್ಟರು. ಬಾಯಿ ಮುಚ್ಚಿತು. ಕೈಯಲ್ಲಿ ಡೈಮಂಡ್ ಇದ್ದೂ ಬೇರೆ ಗುರುತಿನ ಎಲೆ ಇಳಿಸುವುದು ಎಲೆ ಹಿಡಿಯಲು ಕಲಿತ ಮೊದಲ ವಾರದ ತಪ್ಪು. ಭಾವನಂಥವರು ಮಾಡುವ ತಪ್ಪಲ್ಲ.

ಅಕ್ಕ ಎಲೆಗಳನ್ನು ಬೋರಲು ಹಾಕಿದರು. “ಎಲ್ಲರೂ ಕೆಳಗೆ ಹೋಗಿ ಒಂದು ಟೀ ಕುಡ್ಕೊಂಡು ಬನ್ನಿ. ಮೇಷ್ಟ್ರು ಇರಲಿ. ವಾಚು ಅಣ್ಣನೂ ಇರಲಿ.”

ಕುರ್ಚಿಗಳ ಸದ್ದು, ಮೆಟ್ಟಿಲ ಸದ್ದು. ಹಾಲ್ ಖಾಲಿಯಾಯಿತು.

“ಮೇಷ್ಟ್ರೇ, ಈ ಕಾರ್ಡಿನ ಅಕ್ಷರ ಯಾಕಿಷ್ಟು ದೊಡ್ಡದು?”

“ಕೈಬರಹ ಗೊತ್ತಾಗ್ಬಾರದು ಅಂತ.”

“ನಾನೂ ಮೊದಲು ಹಾಗೇ ಅಂದ್ಕೊಂಡೆ. ಆದ್ರೆ ಬರಹ ಮರೆಸೋರು ಅಕ್ಷರ ವಕ್ರ ಮಾಡ್ತಾರೆ. ಇಲ್ಲಿ ಒಂದೊಂದೂ ಮುತ್ತಿನ ಹಾಗಿದೆ. ಬರೀ ದೊಡ್ಡದು. ಎರಡನೇ ಸಾಲು ಮೊದಲನೇದರ ಮೇಲೆ ಹತ್ತಿ ಕೂತಿದೆ, ನೋಡಿ. ಬಚ್ಚಿಡೋಕೆ ದೊಡ್ಡದಾಗಿ ಬರೆದಿದ್ದಲ್ಲ. ಬರೆಯೋರಿಗೇ ಕಾಣ್ಬೇಕಲ್ಲ, ಅದಕ್ಕೆ. ಮೊಹರು ತಲೆಕೆಳಗಾಗಿದ್ದೂ ಅದಕ್ಕೇ. ಗಡಿಬಿಡಿ ಅಲ್ಲ.”

ಮೇಷ್ಟ್ರು ಭಾವನತ್ತ ನೋಡಿದರು. ಭಾವ ಕಿಟಕಿಯತ್ತ ನೋಡುತ್ತಿದ್ದರು.

“ಟೈಲರಮ್ಮ ಮುಟ್ಟದೇನೇ ಮೊಹರಿನ ಸೊಟ್ಟ ಹಿಡಿದ್ರು. ಔಷಧಿ ಅಣ್ಣ ದಿನಾ ಸಣ್ಣ ಸೀಸೆ ಮೇಲೆ ಇರುವೆಯಂಥ ಅಕ್ಷರ ಬರೆಯೋರು. ಇನ್ನು ಉಳಿದದ್ದು ಒಬ್ಬರು.” ಅಕ್ಕ ದನಿ ತಗ್ಗಿಸಿದರು. “ನಮ್ಮಲ್ಲಿ ಒಬ್ಬರು ಎಂಜಿನ್ ಡ್ರೈವರ್ ಇದ್ರು. ಕೊನೆಕೊನೆಗೆ ಸಿಗ್ನಲ್ ಕಡೆ ನೇರ ನೋಡೋದು ಬಿಟ್ಟು ಪಕ್ಕಕ್ಕೆ ತಿರುಗಿ ನೋಡ್ತಿದ್ರು. ನಾವೆಲ್ಲ ಅದನ್ನ ಜಂಭ ಅಂದ್ಕೊಂಡ್ವಿ. ಡಾಕ್ಟ್ರು ಹೇಳಿದ ಮೇಲೆ ಗೊತ್ತಾಯ್ತು—ಕಣ್ಣಿನ ನಡುಭಾಗ ಹೋಗಿತ್ತು, ಅಂಚು ಮಾತ್ರ ಉಳಿದಿತ್ತು. ಇವರದ್ದೂ ಗತ್ತಲ್ಲ ಮೇಷ್ಟ್ರೇ. ಇವರು ಕಿಟಕಿ ನೋಡ್ತಾ ಇಲ್ಲ. ಕಣ್ಣಿನ ಅಂಚಿನಲ್ಲಿ ಎಲೆ ನೋಡ್ತಾ ಇದ್ದಾರೆ. ಕೈಯಲ್ಲಿರೋದು ಹತ್ತಿರ ಹಿಡಿದ್ರೆ ಸ್ವಲ್ಪ ತಿಳಿಯುತ್ತೆ, ಮೇಜಿನ ಮೇಲಿದ್ದು ತಿಳಿಯಲ್ಲ. ಅದಕ್ಕೇ ಎಲ್ಲರೂ ಕೂಗ್ಬೇಕು. ಕೂಗೋದು ನಿಂತ ತಕ್ಷಣ ಕೆಂಪು ಡೈಮಂಡೂ ಕೆಂಪು ಆಠೀನೂ ಒಂದೇ ಆಗೋಯ್ತು. ಕಾರ್ಡು ಬರೆದೋರು ನಿಮ್ಮ ಭಾವ.”

“ಭಾವ?” ಎಂದರು ಮೇಷ್ಟ್ರು.

ಭಾವ ಕೈಯಲ್ಲಿದ್ದ ಎಲೆಗಳನ್ನು ಮೇಜಿನ ಮೇಲೆ ಇಟ್ಟರು.

“ನಿಮ್ಮಕ್ಕನಿಗೂ ಹೇಳಿಲ್ಲ ಕಣಯ್ಯಾ,” ಎಂದರು ಭಾವ. “ಮೊದಲು ಸೆಕೆಂಡಿನ ಮುಳ್ಳು ಮಾಯ ಆಯ್ತು. ಆಮೇಲೆ ನಿಮಿಷದ್ದು. ಈಗ ಅಂಗಡೀಲಿ ಕೆಲಸ ಎಲ್ಲ ಮಗಳೇ ಮಾಡೋದು. ನಾನು ಕನ್ನಡಕ ಹಾಕ್ಕೊಂಡು ಕೂತಿರ್ತೀನಿ, ಬೊಂಬೆ ಹಾಗೆ.”

“ಅದಕ್ಕೂ ಹೊಸಬರನ್ನ ಓಡಿಸೋದಕ್ಕೂ ಏನು ಸಂಬಂಧ?”

“ನಮ್ಮವರು ‘ಕೂಗ್ರೋ’ ಅಂದ್ರೆ ಕೂಗ್ತಾರೆ. ಹೊಸಬರು ಯಾಕೆ ಅಂತ ಕೇಳ್ತಾರೆ. ಈಯಮ್ಮ ಬಂದು ಒಂದು ಗಂಟೆ ಆಗಿಲ್ಲ, ಕೇಳಿದ್ರಲ್ಲ! ಒಂದ್ಸಲ ಗೊತ್ತಾದ್ರೆ ನೀನು ಬೇರೆ ಜೋಡಿ ಹುಡುಕ್ಕೋತೀಯ. ಹುಡುಕ್ಕೋಬೇಕು ಕೂಡ. ಅಂಗಡಿ ಹೋಯ್ತು. ಶನಿವಾರವೂ ಹೋದ್ರೆ ನಾನು ಎಲ್ಲಿ ಕೂತ್ಕೊಳ್ಳಲಿ?”

“ಹಾಲ್ ಹೋದ್ರೆ ಎಲ್ಲಿ ಕೂತ್ಕೋತಿದ್ರಿ?” ಮೇಷ್ಟ್ರ ದನಿ ಒಡೆಯಿತು. “ಸೋಮವಾರ ನಾನು ಬೀಗದ ಕೈ ಒಪ್ಪಿಸಿ ಬರೋದಿತ್ತು ಭಾವ!”

“ಹದಿನಾರು ಜನ ಬೇಕು ಅಂತ ಗೊತ್ತಾಗಿದ್ದು ಕಳೆದ ತಿಂಗಳು. ಅಷ್ಟು ಹೊತ್ತಿಗೆ ಆರು ಕಾರ್ಡು ಹೋಗಿತ್ತು. ಈಯಮ್ಮನಿಗೆ ಏಳನೇದು ಹಾಕಿದ್ದು, ಹಳೇದೆಲ್ಲ ಹೊರಬೀಳುತ್ತೆ ಅನ್ನೋ ಹೆದರಿಕೆಗೆ. ಹೇಳೋಣ ಅಂತ ಪ್ರತಿ ವಾರ ಬರ್ತಿದ್ದೆ. ಬಾಯಿ ಬರ್ಲಿಲ್ಲ.”

ಅಕ್ಕ ಸ್ಟೂಲನ್ನು ಭಾವನ ಹತ್ತಿರ ಎಳೆದುಕೊಂಡರು. “ಅಣ್ಣ, ನಾನು ಒಂಬತ್ತು ಊರಲ್ಲಿ ಆಡಿದ್ದೀನಿ. ಎರಡು ಕಡೆ ಕಣ್ಣು ಕಾಣದವರು ಇದ್ರು. ಅವರು ಕೂತ ಮೇಜಲ್ಲಿ ಎಲ್ಲರೂ ಎಲೆ ಹೇಳಿ ಆಡ್ತಿದ್ರು. ಅವರಲ್ಲೊಬ್ಬರು ಪಂದ್ಯಕ್ಕೂ ಹೋಗ್ತಿದ್ರು. ನಡೆಸೋರಿಗೆ ಮೊದಲೇ ತಿಳಿಸಿದ್ರೆ ಆಯ್ತು.”

“ನನಗೆ ಗೊತ್ತಿರ್ಲಿಲ್ಲ.”

“ಹೇಗೆ ಗೊತ್ತಾಗುತ್ತೆ? ಹೇಳೋರನ್ನೆಲ್ಲ ಬರಬೇಡಿ ಅಂದ್ರಲ್ಲ.”

ಭಾವ ಬಟ್ಟೆಯ ಚೀಲಕ್ಕೆ ಕೈ ಹಾಕಿ, ರಬ್ಬರ್ ಬ್ಯಾಂಡ್ ಸುತ್ತಿದ ಕಾಗದದ ಕಟ್ಟು ತೆಗೆದರು. “ಏಳಿವೆ. ಹರಿದು ಹಾಕೋಕೆ ಮನಸ್ಸು ಬರ್ಲಿಲ್ಲ. ಪೂರ್ತಿ ಓದಿಯೂ ಇಲ್ಲ. ಭೂತಗನ್ನಡಿ ಹಿಡಿದು ಒಂದೊಂದೇ ಅಕ್ಷರ ಕೂಡಿಸ್ಬೇಕು. ಸದಸ್ಯರಾಗ್ಬೇಕು ಅನ್ನೋ ಮಾತು, ವಿಳಾಸ—ಇಷ್ಟೇ ನೋಡ್ತಿದ್ದೆ.”

ಮೇಷ್ಟ್ರಿಗೆ ಬೈಯಬೇಕೆನಿಸಿತು. ಆದರೆ ತಪ್ಪು ತಮ್ಮದೂ ಇತ್ತು. ಹತ್ತೊಂಬತ್ತು ವರ್ಷ ಎದುರಿಗೆ ಕೂತು, ಹುಬ್ಬು ಅಲುಗಿದರೆ ಯಾವ ಎಲೆ ಬರುತ್ತದೆಂದು ಹೇಳಬಲ್ಲವರು ತಾವು. ಆ ಹುಬ್ಬಿನ ಕೆಳಗಿನ ಕಣ್ಣನ್ನು ನೋಡಲಿಲ್ಲ. ಅವರು ಕಟ್ಟು ಬಿಚ್ಚಿ ಗಟ್ಟಿಯಾಗಿ ಓದತೊಡಗಿದರು. ಮೊದಲನೆಯದು ಒಬ್ಬ ದಾದಿಯದು. ಎರಡನೆಯದು ಬೇಕರಿಯ ಅಣ್ಣತಮ್ಮಂದಿರದು. ಮೂರನೆಯದು ಆರು ತಿಂಗಳ ಹಿಂದಿನದು. ಬೇರೆ ಯಾರಿಂದಲೋ ಬರೆಸಿದ್ದು.

“‘ಮಾನ್ಯ ಕಾರ್ಯದರ್ಶಿಗಳೇ, ನಾನು ನಿವೃತ್ತ ಟೆಲಿಫೋನ್ ಆಪರೇಟರ್. ನಿಮ್ಮ ಕ್ಲಬ್ಬಿಗೆ ಸೇರುವ ಆಸೆ. ಎರಡು ವರ್ಷದಿಂದ ನನಗೆ ಕಣ್ಣು ಕಾಣುವುದಿಲ್ಲ. ಚುಕ್ಕಿ ಉಬ್ಬಿಸಿದ ಎಲೆಗಳು ನನ್ನ ಹತ್ತಿರವೇ ಇವೆ, ಬೆರಳಲ್ಲಿ ಓದುತ್ತೇನೆ. ಇನ್ನೂ ಮೂರು ಜನ ಗೆಳೆಯರನ್ನು ಕರೆತರಬಲ್ಲೆ. ನಿಮ್ಮಲ್ಲಿ ಎಲೆಯ ಹೆಸರು ಹೇಳಿ ಆಡಲು ಒಪ್ಪುತ್ತಾರೆಯೇ? ಒಪ್ಪದಿದ್ದರೆ ಬೇಸರವಿಲ್ಲ.’”

ಕೆಳಗಿನಿಂದ ಟೀ ಲೋಟಗಳ ಸದ್ದು ಕೇಳಿಸುತ್ತಿತ್ತು.

“ವಿಳಾಸ ಎಲ್ಲಿಯದು?” ಭಾವ ಕೇಳಿದರು.

“ನೀರಿನ ಟ್ಯಾಂಕಿನ ಹಿಂದಿನ ಬೀದಿ. ನಡೆದ್ರೆ ಇಪ್ಪತ್ತು ನಿಮಿಷ. ಈಗಲೇ ಒಂದು ಕಾಗದ ಬರೆದು...”

“ಕಾಗದ ಬೇಡ.” ಭಾವ ಮೇಜು ಹಿಡಿದು ಎದ್ದರು. “ಮುಚ್ಚಿದೆ ಅಂತ ಬರೆದೋನು ನಾನು. ತೆರೆದಿದೆ ಅಂತ ನಾನೇ ಹೋಗಿ ಹೇಳ್ಬೇಕು. ಕೈ ಕೊಡು. ಆ ಮೆಟ್ಟಿಲು ನನಗೆ ಕಾಣಲ್ಲ.”

ಮೇಷ್ಟ್ರು ಕೈ ಕೊಟ್ಟರು.