ಕವಿಗೆ ದನಿ ಕೊಟ್ಟವನು

"ಸ್ವಲ್ಪ ಮೆಲ್ಲಗೆ ಮಾತಾಡ್ತೀರಾ? ಇದು ಸ್ಮಾರಕ ಭವನ," ಅಂದಳು ಅಲ್ಲಿ ಟಿಕೆಟ್ ಕೊಡುವ ಚಿಝುರು.

ಕವಿಯ ಫೋಟೋ ಎದುರು ನಿಂತು, "ನಾನು ನಿನ್ನನ್ನು ಪ್ರೀತಿಸ್ತೀನಿ" ಅಂತ ಮತ್ತೆ ಮತ್ತೆ ಹೇಳುತ್ತಿದ್ದವನ ಕಿವಿ ಕೆಂಪಾಯಿತು. "ಕ್ಷಮಿಸಿ. ಪ್ರಾಕ್ಟೀಸ್ ಮಾಡ್ತಿದ್ದೆ."

"ಯಾರಿಗೆ ಹೇಳೋಕೆ?"

"ಯಾರಿಗೂ ಅಲ್ಲ, ಈ ಕವಿ ಪಾತ್ರವಾಗಿರೋ ಮೊಬೈಲ್ ಗೇಮಿಗೆ."

ಚಿಝುರು ಮುಖ ಗಂಟಿಕ್ಕಿದಳು. ನೂರು ವರ್ಷದ ಹಿಂದೆ ಇದೇ ಬಂದರಿನ ಊರಲ್ಲಿ ಕ್ಷಯದಿಂದ ತೀರಿಹೋದ ಬಡಕಲು ಕವಿಗೆ ಆ ಗೇಮಿನಲ್ಲಿ ಬೆಳ್ಳಿಕೂದಲು, ಉದ್ದನೆಯ ಕತ್ತಿ! ಅದರಿಂದಾಗಿ ಭವನಕ್ಕೆ ಹುಡುಗಿಯರು ಸಾಲುಗಟ್ಟುತ್ತಿದ್ದರು, ನಿಜ. ಆದರೆ ಶಾಲೆಯ ದಿನಗಳಿಂದ ಆ ಕವಿಯನ್ನು ಹಚ್ಚಿಕೊಂಡಿದ್ದ ಅವಳಿಗೆ ಆ ವೇಷ ಕಂಡರಾಗುತ್ತಿರಲಿಲ್ಲ.

ಬಂದವನ ಹೆಸರು ಕುವಾಬಾರಾ, ರಾಜಧಾನಿಯ ಕಲಾವಿದ, ಆ ಪಾತ್ರಕ್ಕೆ ದನಿ ಕೊಡುವವನು. ಹೊಸ ಭಾಗದಲ್ಲಿ ಕವಿ ತನ್ನ ಪ್ರೇಮ ಹೇಳಿಕೊಳ್ಳಬೇಕು. ಎಷ್ಟು ಹೇಳಿದರೂ ನಿರ್ದೇಶಕರಿಗೆ ಹಿಡಿಸುತ್ತಿಲ್ಲ. ಹೀಗೇ ಆದರೆ ಪಾತ್ರ ಇನ್ನೊಬ್ಬನ ಪಾಲು.

"ಹಿಡಿಸದೇ ಇರೋದು ಸರಿಯೇ. ಈ ಕವಿ ಹಾಗೆ ಹೇಳೋ ಮನುಷ್ಯ ಅಲ್ಲ," ಅಂದಳು ಚಿಝುರು.

"ಮತ್ತೆ ಹೇಗೆ ಹೇಳ್ತಿದ್ರು?"

"ಹೇಳಲೇ ಇಲ್ಲ. ಹಾಗೇ ಹೋಗಿಬಿಟ್ರು."

ಅವನು ಫೋಟೋ ಕಡೆ ತಿರುಗಿ ಕೇಳಿದ, "ಅವರು ಓಡಾಡಿದ ಜಾಗ ತೋರಿಸ್ತೀರಾ?"

ಭವನಕ್ಕೆ ಸೋಮವಾರ ರಜೆ. ಸೋಮವಾರಗಳಲ್ಲಿ ಇಬ್ಬರೂ ಬಂದರಿನ ಕಟ್ಟೆಯ ಮೇಲೆ ನಡೆದರು. "ಮೊದಲು ಉಸಿರು ನೋಡಿಕೊಳ್ಳಿ," ಅನ್ನುತ್ತಿದ್ದಳು. "ಎದೆ ನೋಯೋ ಮನುಷ್ಯ ಇಷ್ಟು ಠೀವಿಯಿಂದ ಮಾತಾಡ್ತಾನಾ?" ಒಮ್ಮೆ ಹದ್ದೊಂದು ಎರಗಿ ಅವನ ಕೈಯಲ್ಲಿದ್ದ ಸುಟ್ಟ ಮೀನನ್ನು ಕಿತ್ತುಕೊಂಡು ಹಾರಿತು. ಅವನು ಕಿರುಚಿದ ರೀತಿಗೆ ಚಿಝುರು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಕತ್ತಿ ಎಲ್ಲಿ ಹೋಯ್ತು, ವೀರರೇ?"

"ನಗಿ, ನಗಿ," ಅಂದ. ಆದರೆ ಅವನ ನೋಟ ಅವಳ ಕೆನ್ನೆಯ ಗುಳಿಯಿಂದ ಕದಲಲಿಲ್ಲ. ಅವಳೇ ಕಡಲ ಕಡೆ ತಿರುಗಿಕೊಂಡಳು.

ಕೊನೆಗೆ ಅವನು ನಿರ್ದೇಶಕರ ಕೈಕಾಲು ಹಿಡಿದು ಆ ಸಾಲನ್ನೇ ಬದಲಿಸಿದ. ಹೊಸ ಭಾಗ ಬಿಡುಗಡೆಯಾದ ದಿನ ಚಿಝುರು ಟಿಕೆಟ್ ಕೌಂಟರಿನಲ್ಲಿ ಕೂತು ಮೊಬೈಲಿನಲ್ಲಿ ಕೇಳಿದಳು. ಬೆಳ್ಳಿಕೂದಲಿನ ಕವಿ ಕತ್ತಿಯನ್ನು ಪಕ್ಕಕ್ಕಿಟ್ಟು, ಉಸಿರು ಎಳೆದುಕೊಂಡು ಇಷ್ಟೇ ಅಂದ: "ಇನ್ನೂ ಸ್ವಲ್ಪ ಹೊತ್ತು ಇರ್ತೀಯಾ?"

ಅವಳು ಅದನ್ನೇ ಮತ್ತೊಮ್ಮೆ ಹಾಕಿ ಕೇಳಿದಳು.

ಬಾಗಿಲು ಹಾಕುವ ಹೊತ್ತಿಗೆ ಕುವಾಬಾರಾ ಬಂದ. "ಪಾತ್ರ ಉಳೀತು. ಇನ್ನು ಇಲ್ಲಿಗೆ ಬರೋಕೆ ನೆಪ ಇಲ್ಲ."

"ಇಲ್ಲ," ಅಂದಳು. ಕೈಯಲ್ಲಿದ್ದ ಬೀಗ ಹಾಗೇ ಉಳಿಯಿತು.

ಅವನು ಬಾಯಿ ತೆರೆದ. ಪಳಗಿದ ಆ ಮಧುರ ದನಿ ಎಲ್ಲಿ ಹೋಯಿತೋ! ರಾಜಧಾನಿಯಲ್ಲಿ ಯಾರ ಕಿವಿಗೂ ಬೀಳದಂತೆ ಮುಚ್ಚಿಟ್ಟುಕೊಂಡಿದ್ದ ಉತ್ತರದ ಹುಟ್ಟೂರಿನ ಮಾತೇ ಹೊರಬಿತ್ತು. "ನಂಗ... ನೀವಂದ್ರ ಭಾಳ ಜೀವ ರೀ. ಹೆಂಗ ಹೇಳ್ಬೇಕೋ ತಿಳೀವಲ್ದು."

ಚಿಝುರು ಬೀಗ ಹಾಕಿ, ಅವನ ತೋಳು ಹಿಡಿದಳು. "ಮನೆಗೆ ಊಟಕ್ಕೆ ಬನ್ನಿ. ಅಮ್ಮನ ಹತ್ತಿರಾನೂ ಹೀಗೇ ಮಾತಾಡಿ, ಒಪ್ಕೋತಾರೆ."