ಕಿಡ್ನಿಯನ್ನು ನಂಬಿಸಿದ ಬೇರು

"ಅಡುಗೆಗೆ ಉಪ್ಪು ಹಾಕಿದ್ದು ಯಾರು?" ಅಪ್ಪ ಸೌಟು ಹಿಡಿದು ಪೊಲೀಸರ ಹಾಗೆ ಕೇಳಿದರು.

ಯಾರೂ ಹಾಕಿರಲಿಲ್ಲ. ಉಪ್ಪಿನ ಡಬ್ಬಿ ಒಂದು ವಾರದಿಂದ ಅಪ್ಪನ ಬೀರುವಿನಲ್ಲಿತ್ತು. ಮಾತ್ರೆ ನುಂಗುತ್ತಿದ್ದರೂ ಅಜ್ಜಿಗೆ ಬಿ.ಪಿ. ಏರಿತ್ತು, ಕಾಲು ಊದಿತ್ತು. ಅಪ್ಪ ಮೊಬೈಲಿನಲ್ಲಿ ಮೂರು ವಿಡಿಯೋ ನೋಡಿ ಅರ್ಧ ಡಾಕ್ಟರಾಗಿದ್ದರು.

"ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತಾರೆ. ನೀನು ಎರಡಕ್ಕೂ ಬೀಗ ಹಾಕಿದೆಯಲ್ಲೋ!" ಎಂದರು ಅಜ್ಜಿ.

ಮೊಮ್ಮಗಳು ಚೂಟಿ ಸಪ್ಪೆ ಊಟ ನುಂಗಿದಳು. ಊತ ಮಾತ್ರ ಇಳಿಯಲಿಲ್ಲ.

ಅಜ್ಜಿ ಸಂಗೀತದ ಟೀಚರ್. ಗಂಟಲಿಗೆ ಒಳ್ಳೆಯದೆಂದು ದಿನವಿಡೀ ಜೇಷ್ಠಮಧು ಎಂಬ ಸಿಹಿ ಬೇರನ್ನು ಅಗಿಯುತ್ತಿದ್ದರು. "ಆಡಿನ ಹಾಗೆ ಅಗೀಬೇಡಮ್ಮ" ಎಂದು ಅಪ್ಪ ಗದರಿದ ಮೇಲೆ ಕದ್ದು ಅಗಿಯುತ್ತಿದ್ದರು. ಅಂಗಡಿಯಿಂದ ತಂದುಕೊಡುವ ಕೆಲಸ ಚೂಟಿಯದು. ಯಾರಿಗೂ ಹೇಳುವುದಿಲ್ಲ ಎಂದು ಅವಳು ಮಾತು ಕೊಟ್ಟಿದ್ದಳು.

ಮರುದಿನ ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ಕೇಳಿದರು, "ದಿನಾ ಏನೇನು ತಿಂತೀರಾ?"

"ಇವನು ಬಿಟ್ಟಷ್ಟು." ಅಜ್ಜಿ ಪಕ್ಕದಲ್ಲಿದ್ದ ಅಪ್ಪನ ಕಡೆ ಕೈ ತೋರಿಸಿದರು.

"ಬೇರೆ ಏನೂ ಇಲ್ವಾ?"

"ಊಹೂಂ." ಅಜ್ಜಿ ಚೂಟಿಯನ್ನೇ ನೋಡಿದರು.

"ಹಾಗಾದ್ರೆ ಮಾತ್ರೆ ಜಾಸ್ತಿ ಮಾಡ್ತೀನಿ. ಹೀಗೇ ಇದ್ರೆ ಹೃದಯಕ್ಕೆ ತೊಂದರೆ."

ಚೂಟಿಗೆ ಭಯವಾಯಿತು. "ಜೇಷ್ಠಮಧು ತಿಂತಾರೆ! ದಿನಾ ಐದಾರು ಕಡ್ಡಿ! ನಾನೇ ತಂದ್ಕೊಡೋದು!"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಅದೇ ನೋಡಿ ಕಾರಣ! ಉಪ್ಪು, ನೀರು ಹಿಡಿದಿಟ್ಕೋ ಅಂತ ಕಿಡ್ನಿಗೆ ಹೇಳೋಕೆ ಮೈಯಲ್ಲೊಂದು ಹಾರ್ಮೋನ್ ಇದೆ ಪುಟ್ಟಿ. ಈ ಬೇರು ಜಾಸ್ತಿಯಾದ್ರೆ ಆ ಹಾರ್ಮೋನೇ ಬಂದು ಹೇಳಿದ ಹಾಗಾಗುತ್ತೆ. ಕಿಡ್ನಿ ಪಾಪ, ನಂಬಿಬಿಡುತ್ತೆ. ಆಚೆ ಹೋಗಬೇಕಾದ ಉಪ್ಪು, ನೀರು ಒಳಗೇ ಉಳಿಯುತ್ತೆ. ಮೊದಲು ಬೇರು ಬಿಡಿ ಅಜ್ಜಿ."

"ನಾನು ಆವತ್ತೇ ಹೇಳಿದ್ದೆ!" ಎಂದರು ಅಪ್ಪ. ಅವರು ಹೇಳಿದ್ದು ಆಡಿನ ವಿಷಯ ಎಂದು ಯಾರೂ ನೆನಪಿಸಲಿಲ್ಲ. "ಬೇರು ಅಂದ್ರೆ ಕ್ಯಾರೆಟ್, ಮೂಲಂಗಿನೂ ಬಂದ್ ಅಲ್ವಾ ಡಾಕ್ಟ್ರೇ?"

ಡಾಕ್ಟರಮ್ಮ ಹಣೆ ಒತ್ತಿಕೊಂಡರು.

ಬಸ್ಸಿನಲ್ಲಿ ಅಜ್ಜಿ ಕಿಟಕಿಯ ಕಡೆ ಮುಖ ತಿರುಗಿಸಿ ಕೂತರು. "ಮಾತು ಕೊಟ್ಟು ತಪ್ಪಿದೆ. ಎರಡು ದಿನ ನಿನ್ನ ಹತ್ರ ಮಾತಾಡಲ್ಲ."

ಚೂಟಿಗೆ ಅಳು ಬಂತು. ತಲೆ ತಗ್ಗಿಸಿದಾಗ ಅಜ್ಜಿಯ ಪಾದ ಕಂಡಿತು. ಚಪ್ಪಲಿಯ ಪಟ್ಟಿ ಊತದೊಳಗೆ ಹೂತುಹೋಗಿತ್ತು. ಅವಳು ಬಗ್ಗಿ ಮೆಲ್ಲನೆ ಪಟ್ಟಿ ಸಡಿಲಿಸಿದಳು. ಅಜ್ಜಿ ಕಾಲು ಹಿಂದಕ್ಕೆಳೆದುಕೊಳ್ಳಲಿಲ್ಲ.

ಈ ಊತ ಇಳಿದರೆ ಸಾಕು, ಎರಡು ದಿನವಲ್ಲ, ಹತ್ತು ದಿನ ಮಾತು ಬಿಟ್ಟರೂ ಪರವಾಗಿಲ್ಲ ಅನ್ನಿಸಿತು ಚೂಟಿಗೆ.