ನೀಲಿ ಮುಚ್ಚಳ, ಕಪ್ಪು ಮುಚ್ಚಳ

ಶನಿವಾರ ಬೆಳಿಗ್ಗೆ ಅತ್ತೆ ಕ್ಯಾಂಪರ್ ಗಾಡಿಯೊಳಗಿನ ಪುಟ್ಟ ಅಡುಗೆಕಟ್ಟೆಯ ನಲ್ಲಿ ತಿರುಗಿಸಿದರು. ಬಂದದ್ದು ನೀರಲ್ಲ, ಡೀಸೆಲ್.

ಅವರು ಹಾಕಿದ ಕೂಗಿಗೆ ಮನೆಯವರೆಲ್ಲ ಅಂಗಳಕ್ಕೆ ಓಡಿ ಬಂದರು. ನೀರಿನ ಟ್ಯಾಂಕು, ಪಂಪು, ಪೈಪು, ಎಲ್ಲಕ್ಕೂ ಡೀಸೆಲ್ ಹಿಡಿದಿತ್ತು. ಮಾರನೆಯ ದಿನ ನಸುಕಿಗೆ ಹೊರಡಬೇಕಾದ ಗಾಡಿ! ದಕ್ಷಿಣದ ಕಡಲ ತುದಿಯವರೆಗೆ ಎರಡು ಸಾವಿರದ ಇನ್ನೂರು ಕಿಲೋಮೀಟರು, ಹದಿನಾರು ದಿನ, ಆರು ಜನ. ಮೂವತ್ತೆರಡು ವರ್ಷ ಲಾರಿ ಓಡಿಸಿ ನಿವೃತ್ತರಾದ ಮಾವ ಎಂಟು ತಿಂಗಳು ಕೂತು ಹಾಕಿದ ಯೋಜನೆ ಒಂದು ನಲ್ಲಿಯಲ್ಲಿ ಹರಿದುಹೋಯಿತು.

ಮಾವ ಬಗ್ಗಿ ಸಿಂಕಿನ ವಾಸನೆ ನೋಡಿದರು. ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ ಮುಚ್ಚಿದರು.

"ಯಾರೋ ಬೇಕಂತಲೇ ಮಾಡಿದಾರೆ," ಎಂದರು ಕೊನೆಗೆ.

ಯಾರು ಎಂದು ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಐದು ಜೊತೆ ಕಣ್ಣುಗಳಲ್ಲಿ ನಾಲ್ಕು ಸೊಸೆಯ ಕಡೆ ತಿರುಗಿದವು. ತಿರುಗದೆ ಉಳಿದದ್ದು ಅವಳ ಆರು ವರ್ಷದ ಮಗಳದ್ದು ಮಾತ್ರ.

ಸೊಸೆ ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ದಿನಕ್ಕೆ ಅರವತ್ತು ಪುಟ ತಪ್ಪು ಹುಡುಕಿ ಮನೆಗೆ ಬಂದರೂ ಕಣ್ಣಿಗೆ ಬಿಡುವಿಲ್ಲ. ಹಾಲಿನವರ ಚೀಟಿ, ಔಷಧಿ ಡಬ್ಬಿ, ನಾದಿನಿಯ ಮದುವೆ ಆಮಂತ್ರಣದ ಮಾದರಿ, ಯಾವುದನ್ನೂ ಬಿಟ್ಟವಳಲ್ಲ. ಮನೆಯಲ್ಲಿ ಅವಳಿಗೆ 'ತಿದ್ದುಪಡಿ' ಎಂದು ಅಡ್ಡಹೆಸರಿಟ್ಟವಳು ಆ ನಾದಿನಿಯೇ. ಹೆಸರಿನಲ್ಲಿ ತಮಾಷೆ ಇದ್ದದ್ದು ಮೊದಲ ವರ್ಷ ಮಾತ್ರ.

ಗುರುವಾರ ಊಟದ ಹೊತ್ತಿಗೆ ಅವಳು ಮಾವನ ನಕ್ಷೆಯಲ್ಲೇ ತಪ್ಪು ಹುಡುಕಿದ್ದಳು. ಊಟದ ಕೋಣೆಯ ಗೋಡೆ ತುಂಬ ಅಂಟಿಸಿದ್ದ ನಕ್ಷೆ ಅದು. ಅದಕ್ಕೆ ಮಾವ ಕೆಂಡ ಕಾರಿದ್ದರು. ಲಾರಿ ಓಡಿಸಿ ಕೂದಲು ಹಣ್ಣಾದವನಿಗೆ ಅಕ್ಷರ ತಿದ್ದುವವಳು ದಾರಿ ಹೇಳಿಕೊಡಬೇಕಾಗಿಲ್ಲ ಎಂದು ಗುಡುಗಿದ್ದರು. ಗಂಡ ತುಟಿ ಪಿಟಕ್ಕೆನ್ನದೆ ಊಟ ಮಾಡಿದ್ದ. ಅವಳು ತಟ್ಟೆ ಬಿಟ್ಟು ಎದ್ದು, ನಿಮ್ಮ ಜೊತೆ ಆ ಡಬ್ಬದೊಳಗೆ ಹದಿನಾರು ದಿನ ಕೊಳೆಯೋದಕ್ಕಿಂತ ಆ ಗಾಡಿ ಹೊರಡದೇ ಇದ್ದರೇ ವಾಸಿ ಎಂದಿದ್ದಳು. ಆಡಿದ ಮಾತು ಈಗ ಬೇಡಿಯಾಗಿ ಕೈಗೆ ಬಿದ್ದಿತ್ತು.

ಸಾಲದ್ದಕ್ಕೆ ನಾದಿನಿ ಒಗೆಯುವ ಬುಟ್ಟಿ ಕೆದಕಿ, ಅತ್ತಿಗೆಯ ಬಟ್ಟೆಗಳ ನಡುವಿನಿಂದ ಡೀಸೆಲ್ ನಾತದ ಒರೆಸುವ ಬಟ್ಟೆಯೊಂದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. ಶುಕ್ರವಾರ ಸಂಜೆ ಗಾಡಿಯ ಮೆಟ್ಟಿಲ ಮೇಲೆ ಬಿದ್ದಿತ್ತು, ಒಗೆಯಲೆಂದು ತಂದು ಹಾಕಿದೆ ಎಂದಳು ಸೊಸೆ. ಯಾರೂ ನಂಬಲಿಲ್ಲ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ತೀರ್ಮಾನವಾಗಿಯೇ ಹೋಗಿತ್ತು. ಟ್ಯಾಂಕು ಬದಲಾಯಿಸಿ ಮುಂದಿನ ವಾರ ಹೊರಡುವುದು, ಸೊಸೆಯನ್ನು ಬಿಟ್ಟು. ಮಗು ಮಾತ್ರ ಅಜ್ಜಿಯ ಜೊತೆ ಬರುತ್ತದೆ. ಗಂಡ ಇದಕ್ಕೂ ತಲೆಯಾಡಿಸಿದ. ಸೊಸೆಗೆ ಗಾಡಿ ಬೇಕಿರಲಿಲ್ಲ, ಕಡಲೂ ಬೇಕಿರಲಿಲ್ಲ. ಆದರೆ ಅಮ್ಮ ನೀರಿಗೆ ವಿಷ ಹಾಕಿದಳು ಎಂಬ ಮಾತನ್ನು ಹದಿನಾರು ದಿನ ಕೇಳುತ್ತ ಮಗಳು ಹೋಗಿ ಬರುವುದನ್ನು ಅವಳು ಒಪ್ಪುವಂತಿರಲಿಲ್ಲ.

ಗಂಡ ಮಾಡಿದ ಒಂದೇ ಒಂದು ಕೆಲಸವೆಂದರೆ ವಿಮೆ ಕಂಪನಿಗೆ ಫೋನು. ಮಾವನಿಗೆ ಅದೂ ಇಷ್ಟವಿರಲಿಲ್ಲ. ಮನೆಯ ವಿಷಯ ಬೀದಿಗೆ ಯಾಕೆ ಎಂದು ಎರಡು ಸಲ ತಡೆದರು. ಅಷ್ಟರಲ್ಲಿ ಫೋನು ಆಗಿಹೋಗಿತ್ತು.

ಸೋಮವಾರ ಹತ್ತು ಗಂಟೆಗೆ ಸರ್ವೇಯರ್ ಬಂದರು. ಐವತ್ತು ದಾಟಿದ ಕುಳ್ಳ ಹೆಂಗಸು. ನೆಗಡಿಯಾಗಿ ಮೂಗು ಕೆಂಪಗಾಗಿತ್ತು. ಕೊಟ್ಟ ಚಹಾ ಮುಟ್ಟಲಿಲ್ಲ, ತೋರಿಸಿದ ಕುರ್ಚಿಯಲ್ಲಿ ಕೂರಲಿಲ್ಲ.

"ಮನೆಯವರೇ ಬೇಕಂತ ಹಾಳು ಮಾಡಿದ್ರೆ ಕಂಪನಿ ಏನೂ ಕೊಡಲ್ಲ," ಎಂದರು. "ಅದನ್ನ ತಿಳ್ಕೊಂಡು ಮಾತಾಡಿ."

"ಕೊಡದಿದ್ರೆ ಬೇಡ ಮೇಡಂ," ಎಂದಳು ನಾದಿನಿ. "ಯಾರು ಮಾಡಿದ್ದು ಅಂತ ಬರೆದುಕೊಡಿ, ಸಾಕು. ಹೆಸರು ನಾನು ಹೇಳ್ತೀನಿ." ಗುರುವಾರದ ನಕ್ಷೆ ಜಗಳ, ಮೆಟ್ಟಿಲ ಮೇಲೆ ಸಿಕ್ಕಿತೆಂದು ಅತ್ತಿಗೆ ಹೇಳಿದ ಬಟ್ಟೆ, ಎರಡನ್ನೂ ಒಂದೇ ಉಸಿರಿಗೆ ಒಪ್ಪಿಸಿದಳು.

"ಹೆಸರು ಎಲ್ಲರ ಹತ್ರಾನೂ ಇರುತ್ತೆ. ಟ್ಯಾಂಕ್ ತುಂಬಿಸಿದ್ದು ಯಾರು?"

"ನಾನೇ," ಎಂದರು ಮಾವ. "ಶುಕ್ರವಾರ ಸಂಜೆ. ನಸುಕಿಗೆ ಹೊರಡೋರು, ಅಷ್ಟು ಹೊತ್ತಿಗೆ ಪೆಟ್ರೋಲ್ ಪಂಪು ತೆಗೆದಿರಲ್ಲ. ಅದಕ್ಕೆ ಎರಡು ಕ್ಯಾನಲ್ಲಿ ನಲವತ್ತು ಲೀಟರ್ ಡೀಸೆಲ್ ತಂದು ಹಾಕಿದೆ. ಆಮೇಲೆ ಪೈಪು ಹಿಡಿದು ನೀರು ತುಂಬಿಸಿದೆ."

"ಇದಕ್ಕೆ ಮುಂಚೆ ನೀವೇ ಹಾಕ್ತಿದ್ರಾ?"

"ಇಲ್ಲ. ಪಂಪಿನಲ್ಲಿ ಅವರೇ ಹಾಕ್ತಿದ್ರು."

"ಶುಕ್ರವಾರ ತುಂಬಿಸೋ ಮುಂಚೆ ಟ್ಯಾಂಕಲ್ಲಿ ಏನಿತ್ತು?"

"ನೀರಿಂದು ಖಾಲಿ. ಡೀಸೆಲ್ ತಳದಲ್ಲಿ ಒಂದಿಷ್ಟಿತ್ತು."

"ಆಮೇಲೆ ಗಾಡಿ ಸ್ಟಾರ್ಟ್ ಮಾಡಿದ್ರಾ?"

"ಇಲ್ಲ."

ಸರ್ವೇಯರ್ ಮೂಗೊರೆಸಿಕೊಂಡರು. "ತಂದ ಡೀಸೆಲ್ಲೆಲ್ಲ ಅದರ ಟ್ಯಾಂಕಿಗೇ ಹೋಯ್ತು. ಹಾಗಾದ್ರೆ ನೀರಿನ ಟ್ಯಾಂಕಿಗೆ ಬಿದ್ದ ಡೀಸೆಲ್ ಎಲ್ಲಿಂದ ಬಂತು?"

"ಅತ್ತಿಗೆ ಪೈಪು ಬಿಟ್ಟು ಬಾಯಲ್ಲಿ ಎಳೆದು ತೆಗೆದಿರಬೇಕು," ಎಂದಳು ನಾದಿನಿ.

"ನಲವತ್ತು ಲೀಟರು?"

ಸರ್ವೇಯರ್ ಸೊಸೆಯ ಕಡೆ ತಿರುಗಿದರು. ಕನಿಕರದಿಂದೇನಲ್ಲ.

"ನೀವು ಮಾಡಿದ್ರಾ?"

"ಇಲ್ಲ."

"ಮಾಡಬೇಕು ಅನ್ನಿಸಿತ್ತಾ?"

"ಅನ್ನಿಸಿತ್ತು," ಎಂದಳು ಸೊಸೆ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಅಂಗಳದಲ್ಲಿ ಗಾಡಿಯ ಎಡಮಗ್ಗುಲಿಗೆ ಎರಡು ಬಾಯಿಗಳು ಅಕ್ಕಪಕ್ಕ ಇದ್ದವು. ಎರಡರ ಮುಚ್ಚಳವೂ ಒಂದೇ ಅಳತೆ. ಮೇಲಿನ ಬರಹ ಅಳಿಸಿಹೋಗಿತ್ತು. ಗಾಢ ನೀಲಿ ಮುಚ್ಚಳ ನೀರಿಗೆ, ಕಪ್ಪು ಮುಚ್ಚಳ ಡೀಸೆಲ್‌ಗೆ. ಸರ್ವೇಯರ್ ಎರಡನ್ನೂ ಬಿಚ್ಚಿ ಮೂಸಿದರು. ನೆಗಡಿಯಾದ್ದರಿಂದ ಪ್ರಯೋಜನವಾಗಲಿಲ್ಲ. ಬೈದುಕೊಳ್ಳುತ್ತ ಗಾಡಿಯ ಕೆಳಗೆ ತೂರಿ, ಗಂಡನಿಂದ ಸ್ಪ್ಯಾನರ್ ಇಸಿದುಕೊಂಡು, ಡೀಸೆಲ್ ಟ್ಯಾಂಕಿನ ತಳದ ಬಿರಡೆ ಸಡಿಲಿಸಿದರು. ಕೆಳಗಿಟ್ಟ ಗಾಜಿನ ಲೋಟಕ್ಕೆ ಧಾರೆ ಬಿತ್ತು.

ಲೋಟ ಹಿಡಿದು ಹೊರಗೆ ಬಂದವರು ಅದನ್ನು ನೇರ ನಾದಿನಿಯ ಕೈಗಿಟ್ಟರು. "ಏನಿದು?"

"ನೀರು," ಎಂದಳು ಅವಳು. ಅವಳ ದನಿ ಇಳಿದಿತ್ತು.

ಮಾವ ಆಗಲೇ ಮನೆಯೊಳಗೆ ಹೋಗಿಬಿಟ್ಟಿದ್ದರು. ಎಲ್ಲರೂ ಹಿಂದೆಯೇ ಹೋದರು. ಅವರು ಊಟದ ಕೋಣೆಯಲ್ಲಿ ನಕ್ಷೆಗೆ ಬೆನ್ನು ಕೊಟ್ಟು ಕೂತಿದ್ದರು.

ಸರ್ವೇಯರ್ ಗೋಡೆಯ ಮುಂದೆ ನಿಂತು ನಕ್ಷೆಯನ್ನು ಉತ್ತರದಿಂದ ದಕ್ಷಿಣಕ್ಕೆ ಬೆರಳಿಟ್ಟು ಓದತೊಡಗಿದರು. ಮಾವ ಪೆನ್ನಿನಲ್ಲಿ ಇಟ್ಟ ನೀಲಿ ಚುಕ್ಕೆ, ಕಪ್ಪು ಚುಕ್ಕೆ. ಪಕ್ಕದಲ್ಲಿ ಅತ್ತೆಯ ದುಂಡಗಿನ ಅಕ್ಷರದಲ್ಲಿ ಒಂದೊಂದು ಜಾಗದ ವಿವರ.

"ಗುರುವಾರದ ಜಗಳ ಈ ನಕ್ಷೆ ಮೇಲೇ ಅಲ್ವಾ? ಏನು ಹೇಳಿದ್ರಿ ನೀವು?" ಎಂದು ಸೊಸೆಯನ್ನು ಕೇಳಿದರು. "ಬೈಗುಳ ಬೇಡ. ತಪ್ಪು ಏನಿತ್ತು, ಅದನ್ನ ಹೇಳಿ."

"ನೀಲಿ ಅಂದ್ರೆ ನೀರು ತುಂಬಿಸೋ ಜಾಗ, ಕಪ್ಪು ಅಂದ್ರೆ ಡೀಸೆಲ್. ಕೊನೇ ಆರು ಚುಕ್ಕೆ ಅದಲುಬದಲಾಗಿದೆ ಅಂದೆ."

ನಾಲ್ಕು ದಿನದಿಂದ ಮನೆಯವರು ಆ ಜಗಳದ ಒಂದೊಂದು ಬೈಗುಳವನ್ನೂ ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದರು. ಅದಕ್ಕೆ ಕಾರಣವಾದ ಆರು ಚುಕ್ಕೆಗಳನ್ನು ಮಾತ್ರ ಒಬ್ಬರೂ ಹತ್ತಿರ ಹೋಗಿ ನೋಡಿರಲಿಲ್ಲ. ಈಗ ನೋಡಿದರು. ಕೆರೆ ದಂಡೆಯ ತಂಗುದಾಣಕ್ಕೆ ಕಪ್ಪು ಚುಕ್ಕೆ. ಹೆದ್ದಾರಿ ಕೂಡುವಲ್ಲಿನ ಡೀಸೆಲ್ ಪಂಪಿಗೆ ನೀಲಿ ಚುಕ್ಕೆ.

"ಈ ಕೊನೇ ಆರು ಯಾವಾಗ ಹಾಕಿದ್ದು?"

"ಹೋದ ವಾರ," ಎಂದರು ಅತ್ತೆ. ಮಿಕ್ಕವೆಲ್ಲ ಎಂಟು ತಿಂಗಳ ಹಿಂದಿನವು.

"ಕೇಳಿ," ಎಂದರು ಸರ್ವೇಯರ್. "ಹಾಳು ಮಾಡಬೇಕು ಅಂತ ಬಂದೋರು ನೀರಿಗೆ ಡೀಸೆಲ್ ಸುರಿದು ಓಡಿಹೋಗ್ತಾರೆ. ನಿಂತುಕೊಂಡು ಇನ್ನೊಂದು ಟ್ಯಾಂಕಿಗೆ ಪೈಪು ಹಿಡಿದು ನೀರು ತುಂಬಿಸಲ್ಲ. ಯಜಮಾನ್ರು ಸರಿಯಾಗೇ ತುಂಬಿಸಿದ್ರೆ ಅಲ್ಲಿ ಡೀಸೆಲ್ ಇರಬೇಕಿತ್ತು, ನೀರಿಗೆ ಜಾಗಾನೇ ಇರ್ತಿರಲಿಲ್ಲ. ಎರಡೂ ಅದಲುಬದಲಾಗಿದೆ ಅಂದ್ರೆ, ಎರಡನ್ನೂ ಶ್ರದ್ಧೆಯಿಂದ ತುಂಬಿಸಿದೋರು ಒಬ್ಬರೇ. ಅವರಿಗೆ ಯಾವ ಮುಚ್ಚಳ ಯಾವುದು ಅಂತ ಕಾಣಲಿಲ್ಲ. ಯಾವ ಪೆನ್ನು ಯಾವುದು ಅಂತ ಕಾಣದ ಹಾಗೇನೇ. ಒರೆಸಿದ ಬಟ್ಟೆಯನ್ನ ಮೆಟ್ಟಿಲ ಮೇಲೆ ಬಿಟ್ಟೋರೂ ಅವರೇ."

ನಾದಿನಿ ಅಪ್ಪನ ಮುಖ ನೋಡಿದಳು. "ಅಪ್ಪ, ಹೇಳು. ಸುಳ್ಳು ಅಂತ ಹೇಳು."

ಸರ್ವೇಯರ್ ಚೀಲದಿಂದ ಎರಡೂ ಮುಚ್ಚಳ ತೆಗೆದು ಮೇಜಿನ ಮೇಲಿಟ್ಟರು. "ಯಜಮಾನ್ರೇ, ಇದರಲ್ಲಿ ನೀರಿಂದು ಯಾವುದು?"

ಮಾವ ಒಂದನ್ನು ಎತ್ತಿಕೊಂಡರು. ಕಿಟಕಿಯ ಬೆಳಕಿಗೆ ಹಿಡಿದರು. ಇಟ್ಟರು. ಇನ್ನೊಂದನ್ನು ಎತ್ತಿಕೊಂಡರು. ಅದನ್ನೂ ಇಟ್ಟು, ಎರಡೂ ಕೈಗಳನ್ನು ತೊಡೆಯ ಮೇಲೆ ಮಡಚಿಕೊಂಡರು.

"ಪೊರೆ," ಎಂದರು. "ಎರಡೂ ಕಣ್ಣಿಗೆ. ಮಬ್ಬು ಅಷ್ಟೇ ಅಂದ್ಕೊಂಡಿದ್ದೆ. ನೀಲಿ ಕಪ್ಪಾಗಿದೆ ಅಂತ ಗೊತ್ತಾಗಿದ್ದು ಗುರುವಾರ ಇವಳು ನಕ್ಷೆ ತೋರಿಸಿದಾಗ."

"ಶನಿವಾರ ನಲ್ಲಿ ಹತ್ರ ಬಗ್ಗಿದಾಗ್ಲೂ ಗೊತ್ತಾಯ್ತು," ಎಂದಳು ಸೊಸೆ.

ಮಾವ ಮುಚ್ಚಳಗಳನ್ನು ಮೇಜಿನ ಆಚೆಗೆ ಸರಿಸಿದರು.

"ಗೊತ್ತಾಗಿಯೂ ಯಾರೋ ಬೇಕಂತ ಮಾಡಿದಾರೆ ಅಂದ್ರಿ. ಇವರೆಲ್ಲ ನನ್ನ ಮೇಲೆ ಬೀಳೋದನ್ನ ನೋಡ್ತಾ ಕೂತ್ರಿ." ಅವಳು ಮಾವನ ಎದುರಿಗೆ ಬಂದು ನಿಂತಳು. "ಅದೂ ಹೋಗಲಿ. ಮುಂದಿನ ವಾರ ಅದೇ ಕಣ್ಣಿಟ್ಟುಕೊಂಡು ನನ್ನ ಮಗಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ಎರಡು ಸಾವಿರ ಕಿಲೋಮೀಟರ್ ಹೊರಟಿದ್ರಲ್ಲ ಮಾವ."

"ಕಣ್ಣು ಹೋಯ್ತು ಅಂದಿದ್ರೆ ಸ್ಟೇರಿಂಗ್ ಕಿತ್ಕೋತಿದ್ರಿ," ಎಂದರು ಮಾವ. ಕೇಳುತ್ತಿದ್ದವರಿಗೆ ಅದರಲ್ಲಿ ಪಶ್ಚಾತ್ತಾಪಕ್ಕಿಂತ ಸಿಟ್ಟೇ ಹೆಚ್ಚು ಕೇಳಿಸಿತು.

ಗಂಡ ಹೆಂಡತಿಯ ಭುಜ ಮುಟ್ಟಿ, ಹಿರಿಯರು, ಹೋಗಲಿ ಬಿಡು ಎಂದ. ಅವಳು ಭುಜ ಕೊಡವಿಕೊಂಡಳು. ಅವನ ಜೊತೆ ಮಾತಾಡುವುದು ಬೇರೆಯೇ ಇತ್ತು, ಅದಕ್ಕೆ ಇವರು ಯಾರೂ ಬೇಕಿರಲಿಲ್ಲ.

ಸರ್ವೇಯರ್ ನಿಂತೇ ಫಾರಂ ತುಂಬಿಸಿ, ಸಹಿಗೆ ಮುಂಚೆ ಗಟ್ಟಿಯಾಗಿ ಓದಿದರು. ದೃಷ್ಟಿದೋಷದಿಂದ ಟ್ಯಾಂಕುಗಳು ಅದಲುಬದಲಾಗಿವೆ. ಯಾರಿಗೂ ದುರುದ್ದೇಶ ಇರಲಿಲ್ಲ.

ಸೊಸೆ ಕೈ ಚಾಚಿ ಹಾಳೆ ತೆಗೆದುಕೊಂಡಳು. ಕೆಲಸದ ಅಭ್ಯಾಸದಂತೆ ಒಂದೊಂದು ಸಾಲನ್ನೂ ಓದಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು.

"ಇಲ್ಲೊಂದು ಮಾತು ಬಿಟ್ಟುಹೋಗಿದೆ ಮೇಡಂ. 'ತುಂಬಿಸುವಾಗ ಯಾರಿಗೂ ದುರುದ್ದೇಶ ಇರಲಿಲ್ಲ' ಅಂತ ಬರೀರಿ."

ಸರ್ವೇಯರ್ ಅವಳನ್ನೂ ಮಾವನನ್ನೂ ಒಮ್ಮೆ ನೋಡಿದರು. ಆಮೇಲೆ ಹಾಳೆ ವಾಪಸು ಇಸಿದುಕೊಂಡು ಆ ಪದ ಸೇರಿಸಿದರು. ತಿದ್ದುಪಡಿ ಬೇಡವೆಂದು ಆ ಮನೆಯಲ್ಲಿ ಯಾರೂ ಬಾಯಿಬಿಡಲಿಲ್ಲ.